ಆಕೆಗೆ ಕೊಟ್ಟ ಐದು ನಿಮಿಷ

ಏಪ್ರಿಲ್ ಕೊನೆಯ ವಾರ ಗೋವಾದ ನಮ್ಮ ಶಾಲೆಗೆ ಬರುವ ಮರಾಠಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದಿತ್ತು. ಮ್ಹಾಪಸಾ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಹೊತ್ತು ಸುಮಾರು ಅರವತ್ತರ ವಯಸ್ಸಿನ ಪರಪ್ರಾಂತೀಯ ಮಹಿಳೆಯೊಬ್ಬಳು ಕುಸಿದುಬಿದ್ದು ಸತ್ತಿದ್ದಾಳೆ, ಗುರುತು ಪತ್ತೆಯಾಗಿಲ್ಲ, ಹಸಿರು ಸೀರೆ, ಎಡ ಮುಂಗೈ ಮೇಲೆ ಸಾಲಾಗಿ ಐದು ಚುಕ್ಕಿಯ ಹಚ್ಚೆ. ಹಚ್ಚೆಯ ವಿಷಯ ಓದುತ್ತಲೇ ನನಗೆ ಯಾರೆಂದು ಗೊತ್ತಾಯಿತು. ಆಕೆಯ ಮಗಳಿಗೆ ಫೋನು ಮಾಡಿದೆ. ಹಿಂದಿನ ಸಂಜೆಯೇ ಆಸ್ಪತ್ರೆಯಿಂದ ಹೆಣ ತಂದು, ಮಣ್ಣು ಮಾಡಿ, ಮನೆಗೆ ಬಂದು ಕೂತಿದ್ದಳು ಮಗಳು.

ಪರಪ್ರಾಂತೀಯ ಅನ್ನುವ ಆ ಪದವನ್ನು ನಾನು ಎಷ್ಟು ಸಲ ಓದಿದೆನೋ. ಆ ಸುದ್ದಿ ಬರೆದ ವರದಿಗಾರ ಹುಟ್ಟುವ ಮೊದಲೇ ಆಕೆ ಈ ಕಿನಾರೆಗೆ ಬಂದಿದ್ದಿರಬೇಕು. ಮೂವತ್ತೆರಡು ವರ್ಷ ಒಂದೇ ಮರಳಿನ ಮೇಲೆ ದಿನಕ್ಕೆ ಆರೆಂಟು ಸಲ ಆಚೆಯಿಂದ ಈಚೆ ನಡೆದವಳು. ಅಷ್ಟು ನಡೆದ ನೆಲ ಆಕೆಯದಾಗಲಿಲ್ಲವೆಂದರೆ ಅದು ಇನ್ನಾರದು ಎಂದು ನನಗೆ ತಿಳಿಯದು.

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಬೇಡವೆಂದಿದ್ದಾಳೆ. ಅವಳೂ ಅದೇ ಕಿನಾರೆಯಲ್ಲಿ ಮಣಿಸರ ಮಾರಬೇಕು. ಇದನ್ನು ಸಮಾಧಾನದಿಂದ ಬರೆಯೋಣವೆಂದು ಎರಡು ಸಲ ಕೂತೆ. ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟು.

ನಾನು ಧಾರವಾಡದ ಕಡೆಯವಳು. ಗಂಡನ ನೌಕರಿಯ ನೆಪದಲ್ಲಿ ಗೋವಾಕ್ಕೆ ಬಂದು, ಮ್ಹಾಪಸಾದಿಂದ ಕಿನಾರೆಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ. ಗೌಂಡಿಗಳ, ಹಮಾಲರ, ಕಿನಾರೆಯಲ್ಲಿ ಸಾಮಾನು ಮಾರುವವರ ಮಕ್ಕಳು ನಮ್ಮಲ್ಲಿ ಓದುತ್ತಾರೆ. ಬೆಳಗಿನ ಎಂಟೂವರೆ ಬಸ್ಸು ನನ್ನದೂ ಆಕೆಯದೂ ಒಂದೇ. ಮೊದಲ ಸಲ ನೋಡಿದಾಗ ಆಕೆ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದಳು. ಹೆಗಲ ಮೇಲಿನ ಗಂಟಿಗೆ ಲಗೇಜ್ ಟಿಕೆಟ್ ತಗೋ ಎಂದು ಅವನ ಹಟ. "ತಗೋತೇನಿ. ಗಂಟಿಗೆ ಟಿಕೆಟ್ ಕೊಟ್ಟ ಮ್ಯಾಲೆ ಗಂಟಿಗೆ ಸೀಟೂ ಕೊಡಬೇಕು" ಎಂದು, ನನ್ನ ಪಕ್ಕದ ಸೀಟಿನ ಮೇಲೆ ಗಂಟು ಕೂರಿಸಿ ತಾನು ನಿಂತೇ ಬಂದಳು. ನನ್ನ ತೊಡೆಯ ಮೇಲೆ ಮಕ್ಕಳ ನೋಟ್‌ಬುಕ್ಕುಗಳಿದ್ದವು. ಬಗ್ಗಿ ನೋಡಿದಳು.

"ಕನ್ನಡ ಅಲ್ರಿ? ದುಂಡಗ ಐತಿ. ಓದಾಕ ಬರೂದಿಲ್ಲ, ಗುರ್ತ ಸಿಗತೈತಿ."

ಅಂದಿನಿಂದ ನಾನು ಆಕೆಗೆ 'ಅಕ್ಕಾರ'. ನಾನು ಆಕೆಯನ್ನು 'ಅವ್ವಾ' ಅನ್ನುತ್ತಿದ್ದೆ. ಗದಗದ ಹತ್ತಿರದ ತಾಂಡಾದವಳು. ಮನೆಮಾತು ಲಂಬಾಣಿ, ಕನ್ನಡ ಗದಗದ ಸಂತೆಯಲ್ಲಿ ಕಲಿತದ್ದು, ಉಳಿದದ್ದೆಲ್ಲ ಮರಳಿನ ಮೇಲೆ. ರಷ್ಯನ್ನರ ಭಾಷೆಯಲ್ಲಿ ನೂರರವರೆಗೆ ಎಣಿಸುತ್ತಿದ್ದಳು. ಇಂಗ್ಲಿಷ್ ಬರುತ್ತದೆಯೇ ಎಂದು ಒಮ್ಮೆ ಕೇಳಿದ್ದಕ್ಕೆ, "ಮಾರೂವಷ್ಟು ಬರತೈತ್ರಿ. ಬೈಸಿಕೊಳ್ಳೂವಷ್ಟೂ ಬರತೈತಿ" ಎಂದಿದ್ದಳು.

ಚೌಕಾಸಿ ಮಾಡುತ್ತಿರಲಿಲ್ಲ. ಬೆಲೆ ಒಂದು ಸಲ ಹೇಳಿ, ಸಮುದ್ರದ ಕಡೆ ಮುಖ ತಿರುಗಿಸಿ ಕೂತುಬಿಡುತ್ತಿದ್ದಳು. ಬೇರೆ ಹೆಂಗಸರು ಪ್ರವಾಸಿಗಳ ಹಿಂದೆ ಹಿಂದೆ ಓಡುವಾಗ ಈಕೆಯ ಬೆನ್ನು ನೋಡಿಯೇ ಕೆಲವರು ಅಳುಕುತ್ತಲೇ ಸಾಮಾನು ಕೊಳ್ಳುತ್ತಿದ್ದರು. ಯಾರಾದರೂ ಬಿಳಿಯರು ಕ್ಯಾಮೆರಾ ಎತ್ತಿದರೆ ಸೆರಗಿನಿಂದ ಮುಖ ಮುಚ್ಚುತ್ತಿರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ. ಹಲ್ಲು ಕಚ್ಚಿ ನೇರ ನೋಡುತ್ತಿದ್ದಳು. ಆ ಫೋಟೊ ಯಾರಿಗೂ ಬೇಕಾಗುತ್ತಿರಲಿಲ್ಲ.

ಒಂದು ಭಾನುವಾರ ನಾನೂ ಕಿನಾರೆಗೆ ಹೋಗಿದ್ದೆ. ಕೈಹಿಡಿದು ಒಂದು ರೆಸಾರ್ಟಿನ ಗೋಡೆಯವರೆಗೆ ಕರೆದುಕೊಂಡು ಹೋದಳು. ಗೋಡೆಯ ಬುಡಕ್ಕೆ ಲಾರಿಗಟ್ಟಲೆ ಕರಿಕಲ್ಲು ಸುರಿದಿದ್ದರು. ಅದರ ಪಕ್ಕದಲ್ಲಿ ಮರಳು ಆಳೆತ್ತರ ಕುಸಿದು, ಗಾಳಿಮರಗಳ ಬೇರು ಹೊರಗೆ ಜೋತಿದ್ದವು.

"ಕಲ್ಲು ಹಾಕಿದ್ರ ಸಮುದ್ರ ಹೆದರಿ ನಿಲ್ಲತೈತಿ ಅನಕೊಂಡಾರ. ಅದು ನಿಲ್ಲೂದಿಲ್ಲರಿ. ಬಾಜೂಕ ಹೋಗಿ ಅಗೀತೈತಿ. ಕಲ್ಲು ಯಾರದೋ, ತೆಗ್ಗು ಯಾರಿಗೋ."

ಎಲ್ಲಿಯವರೆಗೆ ಯಾವ ವರ್ಷ ನೀರು ಬಂತು, ಯಾವ ಮಳೆಗಾಲದಲ್ಲಿ ಯಾವ ಮರ ಬಿತ್ತು, ಊರಿನ ಮೀನುಗಾರರು ದೋಣಿ ಎಳೆಯುತ್ತಿದ್ದ ಜಾಗ ಎಲ್ಲಿತ್ತು, ಈಗ ದೋಣಿಗಳು ಯಾಕೆ ರಸ್ತೆಯ ಅಂಚಿಗೆ ಬಂದು ಕೂತಿವೆ, ಎಲ್ಲವನ್ನೂ ಕಾಲಿನ ಹೆಬ್ಬೆರಳಿನಿಂದ ಮರಳಿನಲ್ಲಿ ಗೀರಿ ತೋರಿಸಿದಳು. ಅಂದು ಬಿಳಿಗಡ್ಡದ ಒಬ್ಬ ಮೀನುಗಾರ ಅಜ್ಜ ದಾರಿಯಲ್ಲಿ ಸಿಕ್ಕಿ ಕೊಂಕಣಿಯಲ್ಲಿ ಆಕೆಯ ಮಾತಿಗೆ ಎರಡು ತಿದ್ದುಪಡಿ ಹೇಳಿದ. ಒಂದನ್ನು ಒಪ್ಪಿದಳು. ಇನ್ನೊಂದಕ್ಕೆ, "ಆ ವರ್ಷ ನಿನಗ ಜ್ವರ ಬಂದಿತ್ತು, ನೀ ಕಿನಾರಿಗೆ ಬಂದಿಲ್ಲ" ಎಂದಳು. ಅಜ್ಜ ತಲೆ ಕೆರೆದುಕೊಂಡು ಮುಂದೆ ನಡೆದ.

ಇಂಥವಳನ್ನು ನಾನೇ ಒಂದು ಆನ್‌ಲೈನ್ ಕಾರ್ಯಕ್ರಮಕ್ಕೆ ಒಯ್ದು ಕೂರಿಸಿದೆ.

ಹೋದ ವರ್ಷ ಪಣಜಿಯ ಒಂದು ಸಂಸ್ಥೆ ಹೊರದೇಶದ ಯಾರದೋ ನೆರವಿನಿಂದ ಉತ್ತರ ಧ್ರುವದ ಬಗ್ಗೆ ಸರಣಿ ಮಾತುಕತೆ ನಡೆಸುತ್ತಿತ್ತು. ಮಂಜುಗಡ್ಡೆಯ ವಿಜ್ಞಾನಿಗಳು, ಧ್ರುವದ ಅಂಚಿನ ಹಳ್ಳಿಗಳ ಜನ, ಬಿಸಿ ದೇಶಗಳ ಕಿನಾರೆಯ ಜನ, ಎಲ್ಲರೂ ಒಂದೇ ಪರದೆಯ ಮೇಲೆ ಕೂತು ಹವಾಮಾನದ ಬಗ್ಗೆ ಮಾತಾಡುವುದು. ಅಲ್ಲಿನ ಹಿಮ ಕರಗಿದರೆ ಇಲ್ಲಿನ ಸಮುದ್ರ ಏರುತ್ತದೆ, ಆದ್ದರಿಂದ ಎರಡೂ ಕಡೆಯವರು ಪರಸ್ಪರ ಕೇಳಿಸಿಕೊಳ್ಳಬೇಕು ಎನ್ನುವುದು ಅದರ ಉದ್ದೇಶ. ಉದ್ದೇಶದಲ್ಲಿ ತಪ್ಪೇನಿಲ್ಲ. ಅಲ್ಲಿಯ ಸಂಯೋಜಕಿ, ತಣ್ಣನೆಯ ದನಿಯ ಹುಡುಗಿ, ನನಗೆ ಫೋನು ಮಾಡಿ, "ಕಿನಾರೆಯ ಸಮುದಾಯದ ಒಂದು ದನಿ ಬೇಕು ಮೇಡಂ, ಕನ್ನಡದಲ್ಲೇ ಮಾತಾಡಲಿ, ನೀವು ಇಂಗ್ಲಿಷಿಗೆ ಅನುವಾದ ಮಾಡಿ" ಎಂದಳು. ಮಾತಿನ ನಡುವೆ, ತಮ್ಮ ಕಚೇರಿಯಲ್ಲಿ ಹಳೆಯ ಕಂಪ್ಯೂಟರುಗಳು ಬಿದ್ದಿವೆ, ನಿಮ್ಮ ಶಾಲೆಗೆ ಕೊಡಬಹುದು ಎಂದೂ ಹೇಳಿದಳು. ನಮ್ಮ ಶಾಲೆಯಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ. ಆ ಮಾತು ನನ್ನ ಮನಸ್ಸಿನಲ್ಲಿ ಕೂತಿತು.

ಬಸ್ಸಿನಲ್ಲಿ ಆಕೆಗೆ ವಿವರಿಸಿದೆ. ಭೂಮಿಯ ತುದಿಯಲ್ಲಿ ವರ್ಷದ ಬಹುಪಾಲು ಸಮುದ್ರವೇ ಗಟ್ಟಿಯಾಗಿರುವ ಊರುಗಳಿವೆ, ಜನ ಅದರ ಮೇಲೆ ನಡೆದು ಬೇಟೆಗೆ ಹೋಗುತ್ತಾರೆ, ಈಗ ಹಿಮ ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ, ದಂಡೆ ಕುಸಿದು ಮನೆಗಳು ನೀರಿಗೆ ಬೀಳುತ್ತಿವೆ ಎಂದೆ. ಆಕೆ ಕಿಟಕಿಯಿಂದ ನನ್ನ ಕಡೆ ತಿರುಗಿದಳು.

"ಅವ್ರನ್ನೂ ಎಬ್ಬಿಸ್ತಾರೇನ್ರಿ?"

"ಊರನ್ನೇ ಬೇರೆ ಕಡಿಗೆ ಒಯ್ಯೂ ಮಾತು ನಡದೈತಂತ ಅವ್ವಾ."

"ಯಾರು ನಡಸ್ಯಾರ? ಅವ್ರೋ, ಬ್ಯಾರೇದವ್ರೋ?"

ನನಗೆ ಗೊತ್ತಿರಲಿಲ್ಲ. "ಹಂಗಾದ್ರ ಬರತೇನಿ. ಕೇಳೂಣು" ಎಂದಳು.

ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಸಂಯೋಜಕಿ ಸೂಚನೆಗಳನ್ನು ಕಳಿಸಿದಳು. ಐದು ನಿಮಿಷ, ಅನುವಾದವೂ ಸೇರಿ. ಭರವಸೆಯ ಮಾತುಗಳಿರಲಿ. ಪೊಲೀಸ್, ಕೋರ್ಟು ಬೇಡ. ಸಾಧ್ಯವಾದರೆ ಸಾಂಪ್ರದಾಯಿಕ ಉಡುಪಿನಲ್ಲಿ ಬರಲಿ, ಕನ್ನಡಿ ಇರುವಂಥದ್ದು. ಆಕೆಗೆ ಹೇಳಿದೆ.

"ಅದು ನಮ್ಮತ್ತಿದಿತ್ರಿ. ಒಬ್ಬಾಕಿ ಫ್ರಾನ್ಸಿನಾಕಿಗೆ ಮಾರೇನಿ. ಬೇಕಾದ್ರ ಆಕಿನ್ನ ಕೂಡ್ರಸ್ಕೋ ಅನ್ರಿ."

ಹಸಿರು ನೈಲಾನ್ ಸೀರೆಯಲ್ಲೇ ಬಂದಳು. ಸಂಜೆ ಏಳಕ್ಕೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಕೂತೆವು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು. ಮೊದಲು ಒಬ್ಬ ವಿಜ್ಞಾನಿ ಆಕಾಶದಿಂದ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ತೋರಿಸಿದ. ನಡುವಿನ ಬಿಳಿ ವರ್ಷವರ್ಷಕ್ಕೆ ಸಣ್ಣದಾಗುತ್ತಿತ್ತು. "ರೊಟ್ಟಿ ತಿಂದಂಗ ಸುತ್ತಲಿಂದ ತಿಂದೈತಿ ನೋಡ್ರಿ" ಎಂದಳು ಪಿಸುಮಾತಿನಲ್ಲಿ. ಆತನ ಮಾತು ಹದಿನೆಂಟು ನಿಮಿಷ ನಡೆಯಿತು. ಯಾರೂ ಗಡಿಯಾರ ತೋರಿಸಲಿಲ್ಲ.

ಆಮೇಲೆ ಉತ್ತರ ಅಮೆರಿಕದ ತುದಿಯ ಒಂದು ಹಳ್ಳಿಯಿಂದ ಮುದುಕಿಯೊಬ್ಬಳು ಮಾತಾಡಿದಳು, ತನ್ನ ಭಾಷೆಯಲ್ಲಿ. ಪಕ್ಕದಲ್ಲಿ ಮಗಳು ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಕಿಟಕಿ ಕಪ್ಪಗಿತ್ತು. ತಾನು ಹುಟ್ಟಿದ ಮನೆ ಇದ್ದ ಜಾಗದಲ್ಲಿ ಈಗ ನೀರಿದೆ ಎಂದಳು. ನಾನು ಅದನ್ನು ಅವ್ವನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಆಕೆಯ ಕಣ್ಣು ಮಾತ್ರ ಮುದುಕಿಯ ಅಂಗಿಯ ಮೇಲಿತ್ತು. "ಅಂಚಿಗೆ ತುಪ್ಪಳ ಹಚ್ಚ್ಯಾಳ. ಕೈ ಹೊಲಿಗಿ. ಆಕಿನ ಹೊಲದಾಳ. ಭಾಳ ಚಲೋ ಹೊಲದಾಳ" ಎಂದಳು. ಮೂವತ್ತೆರಡು ವರ್ಷ ಚೀಲಗಳಿಗೆ ಮಣಿ ಹೊಲಿದವಳ ಕಣ್ಣು ಅದು.

ನಮ್ಮ ಸರದಿ ಬಂತು. ಕಿನಾರೆ ಬದಲಾಗುವುದನ್ನು ನೋಡಿದಾಗ ನಿಮಗೆ ಏನನ್ನಿಸುತ್ತದೆ ಎಂದು ಸಂಯೋಜಕಿ ಕೇಳಿದಳು. ಆಕೆ ಕುರ್ಚಿಯ ಅಂಚಿಗೆ ಸರಿದು ಕೂತಳು.

"ಮೂವತ್ತೆರಡು ವರ್ಷದಿಂದ ಒಂದ ಉಸುಕಿನ್ಯಾಗ ನಡದೇನ್ರಿ. ಮೂರು ಸಾಲು ಗಿಡ ಇದ್ವು. ಒಂದು ಸಾಲು ಸಮುದ್ರ ತಿಂತು. ಒಂದು ಸಾಲು ಹೊಟೇಲಿನವ್ರು ಕಡದ್ರು. ತಮ್ಮ ಗ್ವಾಡಿ ಉಳೀಲಿ ಅಂತ ಕಲ್ಲು ಹಾಕಿದ್ರು. ಕಲ್ಲು ಹಾಕಿದ ಮ್ಯಾಲೆ ಬಾಜೂದ ಉಸುಕೆಲ್ಲ ಹೋತು. ಈಗ ಉಸುಕು ಸಣ್ಣದಾಗೈತಿ, ಜಾಗಾ ಇಲ್ಲ, ನೀವು ಏಳ್ರಿ ಅಂತ ಪೊಲೀಸ್ರು ನಮಗ ಹೇಳ್ತಾರ. ಉಸುಕು ಸಣ್ಣದು ಮಾಡಿದವ್ರು ಅಲ್ಲೇ ಅದಾರ. ಸಮುದ್ರದ ಮ್ಯಾಲೆ ನನಗ ಸಿಟ್ಟಿಲ್ಲ. ಅದಕ್ಕ ಕಣ್ಣಿಲ್ಲ. ಕಣ್ಣಿದ್ದವ್ರ ಮ್ಯಾಲೆ ಸಿಟ್ಟೈತಿ. ಏನನಸ್ತೈತಿ ಅಂತ ಕೇಳಿದ್ರಲ್ಲ, ಸಿಟ್ಟು ಬರತೈತಿ. ಅದನ್ನ ಬರಕೋರಿ."

ಆಕೆ ಮಾತಾಡುತ್ತಿದ್ದಂತೆಯೇ ಸಂಯೋಜಕಿಯಿಂದ ನನಗೊಬ್ಬಳಿಗೇ ಕಾಣುವಂತೆ ಪರದೆಯ ಮೇಲೆ ಸಂದೇಶ ಬಂದಿತ್ತು. ಒಂದು ನಿಮಿಷ ಉಳಿದಿದೆ, ದಯವಿಟ್ಟು ಸೌಮ್ಯವಾಗಿರಲಿ, ಕಾರ್ಯಕ್ರಮಕ್ಕೆ ನೆರವು ಕೊಟ್ಟ ಹೋಟೆಲಿನವರೂ ಕೇಳುತ್ತಿದ್ದಾರೆ. ನಾನು ಬಾಯಿ ತೆರೆದೆ. ಕಿನಾರೆ ಬಹಳ ಬದಲಾಗಿದೆಯೆಂದೂ, ಮಾರಾಟಗಾರರು ಹಲವು ಸವಾಲುಗಳನ್ನು ಎದುರಿಸುತ್ತಿದ್ದಾರೆಂದೂ, ಎಲ್ಲರೂ ಸೇರಿ ದಾರಿ ಹುಡುಕಬೇಕೆಂಬುದು ಅವರ ಆಶಯವೆಂದೂ, ಈ ಅವಕಾಶಕ್ಕಾಗಿ ಥ್ಯಾಂಕ್ಯೂ ಎಂದೂ ಇಂಗ್ಲಿಷಿನಲ್ಲಿ ಹೇಳಿದೆ. ಚೌಕಗಳ ತುಂಬ ಹಳದಿ ಕೈಗಳ ಚಪ್ಪಾಳೆ ಚಿತ್ರ ಮೂಡಿತು.

ಆಕೆ ನನ್ನ ಕಡೆ ತಿರುಗಿದಳು. "ಇಷ್ಟ ಗಿಡ್ಡ ಆತಲ್ರಿ?"

"ಇಂಗ್ಲಿಷ್ ಹಂಗ ಇರತೈತಿ ಅವ್ವಾ. ಗಿಡ್ಡನ ಇರತೈತಿ" ಎಂದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ದಿನಾ ಪಾಠ ಮಾಡುವ ನಾಲಿಗೆ ಅದು. ಒಂದು ಚೂರೂ ತೊದಲಲಿಲ್ಲ.

ನಾಲ್ಕು ದಿನ ಆಕೆ ಬಸ್ಸಿನಲ್ಲಿ ಎಂದಿನಂತೆ ಮಾತಾಡಿದಳು. ಐದನೆಯ ದಿನ, ನನ್ನ ಶಾಲೆಯ ಸ್ಟಾಪಿಗೆ ಇನ್ನೂ ಎರಡು ನಿಮಿಷವಿದೆ ಎನ್ನುವಾಗ, ಎದುರಿನ ಸೀಟಿನ ಕಂಬಿ ಹಿಡಿದುಕೊಂಡು ಕೇಳಿದಳು.

"ಅಕ್ಕಾರ, ನನಗ 'ಆ್ಯಂಗ್ರಿ' ಅನ್ನೂ ಮಾತು ಗೊತ್ತೈತ್ರಿ. 'ಡೋಂಟ್ ಬಿ ಆ್ಯಂಗ್ರಿ ಮಮ್ಮಾ' ಅಂತ ಕಿನಾರಿ ಮ್ಯಾಲೆ ದಿನಾ ಅಂತಾರ. ಅವತ್ತ ಆ ಮಾತು ಯಾವಾಗ ಬರತೈತಿ ಅಂತ ಕಿವಿಗೊಟ್ಟು ಕುಂತಿದ್ದೆ. ನಿಮ್ಮ ಬಾಯಾಗ ಅದು ಬರಲಿಲ್ಲ. 'ಸ್ಟೋನ್' ಬರಲಿಲ್ಲ. 'ಪೊಲೀಸ್' ಬರಲಿಲ್ಲ, ಅದಂತೂ ನಿಮ್ಮ ಭಾಷಾದಾಗೂ ಪೊಲೀಸ, ನಮ್ಮ ಭಾಷಾದಾಗೂ ಪೊಲೀಸ. ಥ್ಯಾಂಕ್ಯೂ ಬಂತು." ಕಂಬಿ ಬಿಟ್ಟು ನನ್ನ ಕಡೆ ತಿರುಗಿ, "ನಾ ಥ್ಯಾಂಕ್ಯೂ ಅಂದಿದ್ನೇನ್ರಿ?" ಎಂದಳು.

ಸ್ಟಾಪು ಬಂತು, ಇಳಿದುಬಿಟ್ಟೆ. ಮರುದಿನದಿಂದ ಆಕೆ ಡ್ರೈವರನ ಹಿಂದಿನ ಸೀಟಿನಲ್ಲಿ ನನಗೆ ಬೆನ್ನು ಮಾಡಿ ಕೂರತೊಡಗಿದಳು. ಬೆಲೆ ಹೇಳಿ ಸಮುದ್ರದ ಕಡೆ ತಿರುಗುತ್ತಿದ್ದಳಲ್ಲ, ಹಾಗೆ. ಮಳೆಗಾಲಕ್ಕೆ ತಾಂಡಾಕ್ಕೆ ಹೋದಳು. ಜೂನಿನಲ್ಲಿ ಶಾಲೆಗೆ ಕಂಪ್ಯೂಟರುಗಳು ಬಂದವು. ಮಕ್ಕಳು ಕುಣಿದರು. ನಾನು ಆ ಕೋಣೆಗೆ ಹೋಗುವುದನ್ನು ಆದಷ್ಟು ತಪ್ಪಿಸಿದೆ.

ಅಕ್ಟೋಬರದಲ್ಲಿ ಮರಳಿ ಬಂದ ಮೇಲೂ ಬೆನ್ನು ಬೆನ್ನಾಗಿಯೇ ಇತ್ತು. ಒಂದೇ ಒಂದು ಸಲ ಇಳಿಯುವಾಗ ತಿರುಗಿ, "ಸಾಲಿಗೆ ಕಂಪ್ಯೂಟರ್ ಬಂದಾವಂತಲ್ಲ. ಚಲೋ ಆತು" ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಫೆಬ್ರುವರಿಯಲ್ಲಿ ಸರಣಿಯ ಕೊನೆಯ ಕಾರ್ಯಕ್ರಮ. ಸಂಯೋಜಕಿ ಮತ್ತೆ ಫೋನು ಮಾಡಿ, "ಹೋದ ವರ್ಷ ಎಷ್ಟು ಆತ್ಮೀಯವಾಗಿ ಮಾತಾಡಿದರು ಮೇಡಂ, ಅವರೇ ಬೇಕು" ಎಂದಳು. ನಾನು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಆಕೆಯ ಪಕ್ಕದಲ್ಲಿ ನಿಂತೆ. ನಾನು ಮಾಡಿದ್ದು ತಪ್ಪು, ಯಾಕೆ ಮಾಡಿದೆ ಎಂದೂ ಹೇಳಿದೆ. ಕಂಪ್ಯೂಟರು, ಹೋಟೆಲು, ನನ್ನ ಪುಕ್ಕಲುತನ. ಆಕೆ ಕ್ಷಮಿಸಿದೆ ಅನ್ನಲಿಲ್ಲ.

"ಬರತೇನಿ. ಒಂದು ಮಾತು ನಾ ಹೇಳೂದು, ಒಂದು ಮಾತು ನೀವು ಹೇಳೂದು. ಒಮ್ಮೆಲೇ ಬ್ಯಾಡ. ನಡುವ ಏನೂ ಹಾಕಬ್ಯಾಡ್ರಿ, ಏನೂ ತಗೀಬ್ಯಾಡ್ರಿ. ನನ್ನ ಕಿವಿ ನಿಮ್ಮ ಬಾಯಿ ಮ್ಯಾಲೆ ಇರತೈತಿ."

ಅಂದು ಅದೇ ಮೇಜು, ಅದೇ ಮುಖಗಳು. ಆಕೆ ಹೇಳಿದಳು, ನಾನು ಹೇಳಿದೆ. ಗಿಡ. ಕಲ್ಲು. ಪೊಲೀಸ್. ಪ್ರತಿ ಮಾತಿನ ನಂತರ ನನ್ನ ಕಡೆ ನೋಡಿ, ತಲೆಯಾಡಿಸಿ ಮುಂದಿನದಕ್ಕೆ ಹೋದಳು. ಸಿಟ್ಟು ಎಂದಾಗ ನಾನು ಸಿಟ್ಟೆಂದೇ ಹೇಳಿದೆ. ಸಂಯೋಜಕಿಯ ಸಂದೇಶಗಳು ಒಂದರ ಹಿಂದೊಂದು ಬರುತ್ತಿದ್ದವು, ಅವುಗಳ ಮೇಲೆ ಒಂದು ಕಾಗದ ಅಡ್ಡ ಹಿಡಿದೆ. ಆಗ ಆಕೆ ಪರದೆಯ ಹತ್ತಿರಕ್ಕೆ ಬಾಗಿದಳು.

"ಹೋದ ವರ್ಷನೂ ಕರದ್ರಿ. ಈ ವರ್ಷನೂ ಕರದ್ರಿ. ಹೋದ ವರ್ಷ ಇದ್ದ ಉಸುಕು ಈ ವರ್ಷ ಇಲ್ಲ. ಏನರೇ ಮಾಡಾಕ ಕರದೀರೋ, ಬರೇ ನೋಡಾಕ ಕರದೀರೋ?"

ನಾನು ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ನಮ್ಮ ಮೈಕು ಬಂದ್ ಆಯಿತು. ನಾವು ಬಂದ್ ಮಾಡಿರಲಿಲ್ಲ. ಸಮಯದ ಅಭಾವದಿಂದ ಮುಂದಿನವರ ಕಡೆ ಹೋಗೋಣ ಎಂದು ಸಂಯೋಜಕಿ ನಗುತ್ತ ಹೇಳಿದಳು. ಮುಂದಿನವಳು ಅದೇ ಮುದುಕಿ. ಮಗಳು ತಾಯಿಯ ಕಿವಿಯಲ್ಲಿ ಏನೋ ಹೇಳಿದಳು, ತಾಯಿ ಉತ್ತರಿಸಿದಳು. ಮಗಳು ಇಂಗ್ಲಿಷಿನಲ್ಲಿ ಹೀಗೆ ಹೇಳಿದಳು: "ಆ ಹೆಂಗಸು ಇನ್ನೂ ಮುಗಿಸಿಲ್ಲ. ಅವಳು ಮುಗಿಸುವವರೆಗೆ ನನ್ನ ತಾಯಿ ಕಾಯುತ್ತಾಳೆ." ಸಂಯೋಜಕಿ ಏನೇನೋ ಸಮಜಾಯಿಷಿ ಕೊಟ್ಟಳು. ಮುದುಕಿ ಕೈಕಟ್ಟಿ ಕೂತೇ ಇದ್ದಳು. ಪರದೆಯ ಮೇಲಿದ್ದವರೆಲ್ಲ ಕೆಮ್ಮಿದರು, ನೀರು ಕುಡಿದರು. ಕೊನೆಗೆ ನಮ್ಮ ಮೈಕು ತೆರೆದರು. ನಾನು ಆ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಕೇಳಿದೆ.

ಉತ್ತರದ ಬದಲು ಮುದುಕಿ ಒಂದು ಮಾತು ಹೇಳಿದಳು. ತಮ್ಮ ಹಳ್ಳಿಗೂ ಇಂಥ ಜನ ಬಂದು ಬಹಳ ಫೋಟೊ ತೆಗೆದಿದ್ದಾರೆ, ಬಹಳ ಕೇಳಿದ್ದಾರೆ, ಮನೆ ಇನ್ನೂ ನೀರಿನ ಅಂಚಿನಲ್ಲೇ ಇದೆ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಆಕೆ ಮೊದಲ ಸಲ ನಕ್ಕಳು. "ಆಕಿನೂ ನನ್ನಂಗ ಬೈತಾಳ" ಎಂದಳು.

ಹತ್ತು ದಿನದ ಮೇಲೆ ಕಾರ್ಯಕ್ರಮದ ವೀಡಿಯೊ ಬಂತು. ಇಬ್ಬರೂ ಮುದುಕಿಯರು ಅದರಲ್ಲಿರಲಿಲ್ಲ. ತಾಂತ್ರಿಕ ಕಾರಣದಿಂದ ಕೆಲವು ಭಾಗ ಲಭ್ಯವಿಲ್ಲವೆಂದು ಕೆಳಗೆ ಬರೆದಿತ್ತು. ನಾನು ಎರಡು ಪುಟದ ಮೇಲ್ ಕಳಿಸಿದೆ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದು ಒಂದು ಸಾಲು ಬಂತು. ನಮ್ಮಲ್ಲಿ ಧನ್ಯವಾದ ಇರುವುದೇ ಬಾಯಿ ಮುಚ್ಚಿಸಲಿಕ್ಕೆ.

ಆಕೆಗೆ ಹೇಳಿದರೆ ಸಿಟ್ಟು ಮಾಡಿಕೊಳ್ಳಲೇ ಇಲ್ಲ. "ಆ ಮುದುಕಿ ಕೇಳ್ಯಾಳಲ್ರಿ. ಆಕಿ ಕಿವಿ ಕತ್ತರಸಾಕ ಬರೂದಿಲ್ಲ" ಎಂದು ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ನನಗೆ ಪಕ್ಕದಲ್ಲಿ ಜಾಗ ಬಿಟ್ಟಳು.

ಏಪ್ರಿಲ್ ಎರಡನೇ ವಾರ ಯಾರೋ ದೊಡ್ಡವರು ಬರುತ್ತಾರೆಂದು ಕಿನಾರೆಯನ್ನು 'ಸ್ವಚ್ಛ' ಮಾಡಿದರು. ಸ್ವಚ್ಛ ಎಂದರೆ ಆಕೆಯಂಥವರನ್ನು ಓಡಿಸುವುದು. ಆಕೆಯ ಗಂಟನ್ನು ಜೀಪಿಗೆ ಹಾಕಿಕೊಂಡು ಹೋದರು. ಅದರಲ್ಲಿ ಚಳಿಗಾಲವಿಡೀ ಹೊಲಿದ ಚೀಲಗಳಿದ್ದವು. ಅದನ್ನು ಬಿಡಿಸಿಕೊಳ್ಳಲು ಆಕೆ ಮ್ಹಾಪಸಾದ ಒಂದು ಕಚೇರಿಗೆ ದಿನಾ ಹೋಗತೊಡಗಿದಳು. ಒಂದು ದಿನ ಸಾಹೇಬರಿಲ್ಲ. ಒಂದು ದಿನ ಗಂಟು ಬೇರೆ ಕಡೆ ಇದೆ. ಒಂದು ದಿನ ಇಲ್ಲಿಯ ವಿಳಾಸದ ಕಾಗದ ತಾ. ಒಂದು ದಿನ ಅರ್ಜಿ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬಾ. ಅರ್ಜಿ ನಾನೇ ಬರೆದುಕೊಟ್ಟೆ. ಜೊತೆಗೆ ಬರುತ್ತೇನೆ ಎಂದೆ.

"ಪರೀಕ್ಷಾ ನಡದಾವಲ್ರಿ. ಮಕ್ಕಳ್ನ ಬಿಟ್ಟು ಬರಬ್ಯಾಡ್ರಿ. ನಾ ಕೇಳತೇನಿ, ನನಗೇನು ಬಾಯಿಲ್ಲೇನು?"

ನಾನು ಹೋಗಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಹತ್ತರಿಂದ ಒಂದೂವರೆಯವರೆಗೆ ಕಚೇರಿಯ ಹೊರಗೆ, ಬಿಸಿಲಲ್ಲಿ ಆಕೆಯನ್ನು ನಿಲ್ಲಿಸಿದರಂತೆ. ಅಲ್ಲಿಂದ ನಡೆದು ಬಸ್‌ಸ್ಟ್ಯಾಂಡಿಗೆ ಬಂದು ಬಿದ್ದಳು. ಆಸ್ಪತ್ರೆಯ ಕಾಗದದಲ್ಲಿ ಹೃದಯ ನಿಂತು ಸಾವು ಎಂದಿದೆ. ಬಿಸಿಲೆಂದು ಎಲ್ಲೂ ಇಲ್ಲ, ಕಚೇರಿಯೆಂದು ಎಲ್ಲೂ ಇಲ್ಲ. ಎರಡು ವರ್ಷ ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಿದವರೆಲ್ಲ ಆ ಹೊತ್ತು ಎಲ್ಲಿದ್ದರೋ. ನಾನಂತೂ ಶಾಲೆಯಲ್ಲಿ ಫ್ಯಾನಿನ ಕೆಳಗಿದ್ದೆ.

ಮೇ ತಿಂಗಳ ನಡುವೆ ಧ್ರುವದ ಹಳ್ಳಿಯ ಆ ಮಗಳಿಂದ ನನಗೊಂದು ಮೇಲ್ ಬಂತು. ಈ ವರ್ಷ ಹಿಮ ಬೇಗ ಒಡೆದಿದೆ. ಬಿಸಿ ಸಮುದ್ರದ ಹೆಂಗಸು ಹೇಗಿದ್ದಾಳೆ ಎಂದು ತಾಯಿ ದಿನಾ ಕೇಳುತ್ತಾಳೆ. ಸಂಸ್ಥೆಯವರು ಬೇಡ, ನಾವೇ ಒಮ್ಮೆ ಮಾತಾಡಬಹುದೇ? ನಾನು ಅದನ್ನು ಆಕೆಯ ಮಗಳಿಗೆ ಓದಿ ಹೇಳಿದೆ. ಮೂವತ್ತರ ಹೆಂಗಸು, ತಾಯಿಯದೇ ದವಡೆ. ಭಾನುವಾರ ಸಂಜೆ ನಮ್ಮ ಮನೆಗೆ ಬಂದಳು. ನಾನು ಲ್ಯಾಪ್‌ಟಾಪಿನ ಮುಂದೆ ಕೂರಲು ಹೋದೆ.

"ನೀವು ಬಾಜೂಕ ಕುಂ‌ದರ್ರಿ ಅಕ್ಕಾರ" ಎಂದಳು. "ನಾನ ಮಾತಾಡ್ತೇನಿ. ಕಿನಾರಿ ಇಂಗ್ಲಿಷ್ ಸಾಕು."

ಪರದೆಯ ಮೇಲೆ ತಾಯಿ ಮಗಳು ಬಂದರು. ಈ ಸಲ ಅಲ್ಲಿ ಕಿಟಕಿಯ ತುಂಬ ಬೆಳಕಿತ್ತು. ಇವಳು ಅವರ ಮುಖ ನೋಡುತ್ತ ಹೇಳಿದಳು: "ಮದರ್ ಡೆಡ್. ಮದರ್ ನೋ ಸಿಕ್. ಮದರ್ ಎವರಿ ಡೇ ಗೋ ಆಫೀಸ್, ಬ್ಯಾಗ್ ಆಸ್ಕಿಂಗ್. ಆಫೀಸ್ ಮ್ಯಾನ್ ಸೇ ವೇಟ್. ಸನ್ ಟೂ ಮಚ್." ಅದರಲ್ಲಿ ವ್ಯಾಕರಣವಿರಲಿಲ್ಲ, ಅರ್ಥವಾಗದ್ದೂ ಏನಿರಲಿಲ್ಲ. ಆಚೆಯ ಮಗಳು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ತಾಯಿಯ ಕಡೆ ತಿರುಗಿ ಹೇಳಿದಳು. ನನಗೆ ಅಲ್ಲಿ ಮಾಡಲು ಯಾವ ಕೆಲಸವೂ ಇರಲಿಲ್ಲ.

ಮುದುಕಿ ಏನೋ ಕೇಳಿದಳು. ಗಂಟನ್ನು ವಾಪಸು ಕೊಟ್ಟರೇ ಎಂದು.

"ನೋ. ಟುಮಾರೋ ಐ ಗೋ."

ಅದಕ್ಕೆ ಮುದುಕಿ ಕೈಯೆತ್ತಿ ಬಿರುಸಾಗಿ ಏನೋ ಹೇಳಿದಳು, ಬೈದಂತೆ. "ಒಬ್ಬಳೇ ಹೋಗಬೇಡ ಎನ್ನುತ್ತಿದ್ದಾಳೆ," ಎಂದಳು ಮಗಳು. "ಹಿಮ ತೆಳ್ಳಗಿರುವಾಗ ನಮ್ಮಲ್ಲಿ ಯಾರೂ ಒಬ್ಬರೇ ಹೋಗುವುದಿಲ್ಲ."

ಇವಳು ತಿರುಗಿ ನನ್ನನ್ನು ನೋಡಿದಳು. ಕೇಳಲಿಲ್ಲ, ನೋಡಿದಳಷ್ಟೆ.

ಸೋಮವಾರ ಹತ್ತು ಗಂಟೆಗೆ ಇಬ್ಬರೂ ಆ ಕಚೇರಿಗೆ ಹೋದೆವು. ಗುಮಾಸ್ತ ತಲೆಯೆತ್ತದೆ, ಹೊರಗೆ ನಿಂತಿರಿ, ಕರೆಯುತ್ತೇವೆ ಎಂದ. ಹೊರಗೆ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಾವು ಒಳಗೆ ನಡೆದು, ಅವನ ಮೇಜಿನ ಎದುರಿಗಿದ್ದ ಎರಡು ಕುರ್ಚಿಗಳನ್ನು ಎಳೆದುಕೊಂಡು ಕೂತೆವು.